ಒದ್ದೆ ರಟ್ಟಿನ ವಾಸನೆ

ಜನವರಿ ೮, ಸೋಮವಾರ

ಇವತ್ತು ಕೋರ್ಸು ಶುರುವಾಯಿತು. ನಲವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಬೆಂಚಿನ ಮೇಲೆ ಕೂತೆ. ಇಷ್ಟು ವರ್ಷ ಬೆಂಚುಗಳ ಎದುರು ನಿಂತು ಕಾವ್ಯ ಪಾಠ ಮಾಡಿದವಳಿಗೆ, ಕೂತಲ್ಲಿಂದ ಹಲಗೆ ಬಹಳ ದೂರ ಕಾಣಿಸಿತು. ಮುಂದೆ ಪುಸ್ತಕಕ್ಕೆ ಬದಲು ಎರಡು ಗ್ಲಾಸು, ಒಂದು ಉಗುಳುವ ಪಾತ್ರೆ. ಬೆಳಗಿನ ಹೊತ್ತು ವೈನನ್ನು ಬಾಯಿಗೆ ಹಾಕಿಕೊಂಡು ಎಲ್ಲರೆದುರು ಮರ್ಯಾದೆಯಾಗಿ ಉಗುಳುವುದನ್ನು ಮೊದಲು ಕಲಿಯಬೇಕಂತೆ. ನನ್ನದು ಗದ್ದದ ಮೇಲೆ ಇಳಿಯಿತು.

ಕಾರಣ ಬರೆದಿಡುತ್ತೇನೆ, ಇಲ್ಲದಿದ್ದರೆ ಮುಂದೊಂದು ದಿನ ನನಗೇ ನಂಬಿಕೆ ಬರಲಿಕ್ಕಿಲ್ಲ. ಊರಿನ ಒಂದು ಹೋಟೆಲಿನ ನೆಲಮಹಡಿಯ ರೆಸ್ಟೋರೆಂಟನ್ನು ಅಕ್ಕ ಮತ್ತು ಭಾವ ಗುತ್ತಿಗೆಯ ಮೇಲೆ ನಡೆಸುತ್ತಾರೆ. ಅಡುಗೆಮನೆ ಅಕ್ಕನದು, ವೈನು ಭಾವನದು. ಜೂನ್‌ನಲ್ಲಿ ಗುತ್ತಿಗೆ ನವೀಕರಣ. ಹೊಸ ಮ್ಯಾನೇಜರ್ ಷರತ್ತು ಹಾಕಿದ್ದಾನೆ: ಅಷ್ಟರೊಳಗೆ ವೈನ್ ನೋಡಿಕೊಳ್ಳುವವರ ಬಳಿ ಪ್ರಮಾಣಪತ್ರ ಇರಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ. ಭಾವ ಈ ಕೆಲಸದಲ್ಲೇ ತಲೆ ನರೆಸಿದವರು. ಆದರೆ ಎಲ್ಲವನ್ನೂ ಕೈಯಿಂದ ಕಲಿತವರು, ಕಾಗದ ಒಂದೂ ಇಲ್ಲ.

"ನೀವೇ ಬರೀರಿ ಭಾವ, ನಿಮಗದು ನೀರು ಕುಡಿದ ಹಾಗೆ" ಎಂದಿದ್ದೆ.

"ನನ್ನ ಮೂಗಿಗೆ ಈ ವಯಸ್ಸಲ್ಲಿ ಯಾರೋ ಬಂದು ಮಾರ್ಕ್ಸ್ ಹಾಕೋದು ಬೇಡ. ನೀನು ಎಂ.ಎ. ಮಾಡಿದವಳು, ಪರೀಕ್ಷೆ ಬರೆಯೋದು ಕೂದಲು ಬಾಚಿಕೊಂಡಷ್ಟು ಸಲೀಸು ನಿಂಗೆ."

"ಹೌದು, ಓದಿದವಳು ಅಂತ ಎಲ್ಲಾ ಮೂಟೆನೂ ಅವಳ ತಲೆ ಮೇಲೇ ಇಡಿ" ಎಂದು ಅಕ್ಕ ಒಳಗಿನಿಂದ ಕೂಗಿದಳು.

ಕಾಲೇಜು ನಮ್ಮ ವಿಭಾಗವನ್ನೇ ಮುಚ್ಚಿದ ಮೇಲೆ ನಾನು ಇವರ ಮನೆಯ ಮಹಡಿಯ ಕೋಣೆಯಲ್ಲಿದ್ದೇನೆ. ಅವರ ರೆಸ್ಟೋರೆಂಟಿನಲ್ಲಿ ಟೇಬಲ್ ಕಾಯ್ದಿರಿಸುವ ಫೋನು ನೋಡಿಕೊಳ್ಳುತ್ತೇನೆ. ಇನ್ನೊಂದು ಕಾಲೇಜಿಗೆ ಅರ್ಜಿ ಹಾಕಿದ್ದೇನೆ, ಅಲ್ಲಿಂದ ಕರೆ ಬರುವವರೆಗೆ ಇದು. ಉಣ್ಣುವ ಮನೆಯ ಋಣಕ್ಕೆ ಒಂದು ಪರೀಕ್ಷೆ ಬರೆದರೆ ತಪ್ಪೇನಿಲ್ಲ.

ಜನವರಿ ೧೮, ಗುರುವಾರ

ವೈನ್ ವರ್ಣಿಸಲು ಅಚ್ಚಾದ ಒಂದು ಪಟ್ಟಿ ಇದೆ. ಬಣ್ಣಕ್ಕೆ ಇಷ್ಟು ಪದ, ವಾಸನೆಗೆ ಇಷ್ಟು, ಬಾಯಿಗೆ ಇಷ್ಟು. ಅದರಾಚೆಗೆ ಒಂದು ಪದ ಹಾಕಿದರೂ ಅಂಕ ಇಲ್ಲ. ಇವತ್ತಿನ ಬಿಳಿ ವೈನಿಗೆ ನಾನು "ಇಸ್ತ್ರಿ ಪೆಟ್ಟಿಗೆ ತಾಗಿದ ಒದ್ದೆ ಹತ್ತಿ ಬಟ್ಟೆ" ಎಂದು ಬರೆದೆ. ಕೋರ್ಸಿನ ಟೀಚರು ನನಗಿಂತ ಚಿಕ್ಕವರು, ಗಿಡ್ಡ ಕೂದಲು, ಚಕಚಕ ಮಾತು. ಕೆಂಪು ಪೆನ್ನಿನಿಂದ ಗೀಟು ಎಳೆದರು.

"ಕವಿತೆ ಬೇಡ ಮೇಡಂ. ನೀವು ಬರೆದದ್ದನ್ನ ಓದಿ ನಾನು ಅದೇ ಗ್ಲಾಸ್ ಕಂಡುಹಿಡೀಬೇಕು. ನಿಮ್ಮ ಮನೆ ಇಸ್ತ್ರಿ ನಂಗೆ ಗೊತ್ತಿಲ್ಲ, ನಿಂಬೆಹಣ್ಣು ಗೊತ್ತು."

ವಾದದಲ್ಲಿ ತಪ್ಪಿಲ್ಲ. ಆದರೆ ಪಟ್ಟಿಯಲ್ಲಿರುವ ಬ್ಲ್ಯಾಕ್‌ಕರಂಟ್ ಎಂಬ ಹಣ್ಣನ್ನು ನಾನು ಜನ್ಮದಲ್ಲಿ ಕಂಡಿಲ್ಲ, ಕೆಮ್ಮಿನ ಮಾತ್ರೆಯಲ್ಲಿ ಚೀಪಿದ್ದಷ್ಟೇ. ಇನ್ನು ಮುಂದೆ ಕೆಮ್ಮಿನ ಮಾತ್ರೆಯ ನೆನಪು ಬಂದಾಗಲೆಲ್ಲ ಬ್ಲ್ಯಾಕ್‌ಕರಂಟ್ ಎಂದು ಬರೆಯುವುದು.

ಜನವರಿ ೨೭

ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಭಾವ ನನ್ನ ಪಾಠಕ್ಕೆಂದು ಫ್ರಾನ್ಸಿನ ಬರ್ಗಂಡಿ ಸೀಮೆಯ ಒಂದು ಹಳೆಯ ಕೆಂಪು ವೈನಿನ ಬಾಟಲಿ ತೆಗೆದರು. ಅವರ ಕೈ ನೋಡುವುದೇ ಒಂದು ಪಾಠ. ಬಾಟಲಿಯ ಬಾಯಿಗೆ ಬಿಗಿದ ಬೆಂಡು ಸದ್ದಿಲ್ಲದೆ ಈಚೆ ಬರುತ್ತದೆ, ನಿದ್ದೆಯಲ್ಲಿರುವವರ ಕೈಯಿಂದ ಪುಸ್ತಕ ತೆಗೆದಂತೆ. ಲೇಬಲನ್ನು ಪೂರ್ತಿ ಓದಿ, ಆಮೇಲೆ ಗ್ಲಾಸು ಎತ್ತಿದರು.

"ಪಿನೋ ನ್ವಾರ್ ದ್ರಾಕ್ಷಿ. ವಯಸ್ಸಾಗಿದೆ. ಒದ್ದೆ ಎಲೆ, ಅಣಬೆ, ಕಾಡಿನ ನೆಲ. ಬಂತಾ?"

ನನಗೆ ಬಂದದ್ದು ಕಾಲೇಜು ಲೈಬ್ರರಿಯ ನೆಲಮಾಳಿಗೆ. ಪೈಪು ಒಡೆದು ನೀರು ನುಗ್ಗಿದ್ದ ವರ್ಷ, ನೆನೆದ ರಟ್ಟಿನ ಪೆಟ್ಟಿಗೆಗಳಲ್ಲಿ ಹಳೆಯ ಪತ್ರಿಕೆಗಳನ್ನು ಹೊತ್ತು ತಂದಿದ್ದೆವು, ಆ ವಾಸನೆ. "ಒದ್ದೆ ರಟ್ಟು ಭಾವ" ಎಂದೆ.

"ಅದೇ ಅದೇ. ಮಣ್ಣಿನ ಗುಣ ಅದು. ಮನಸ್ಸಲ್ಲಿಟ್ಟುಕೋ, ಇದು ಸಿಕ್ಕಿದ್ರೆ ಕಣ್ಣು ಮುಚ್ಚಿ ಬರ್ಗಂಡಿ ಅಂತ ಬರಿ."

ಪುಸ್ತಕದಲ್ಲಿ ಚೆರ್ರಿ, ರಾಸ್‌ಬೆರಿ ಎಂದೂ ಇದೆ. ನನಗೆ ಹಣ್ಣಿನ ಸುಳಿವೇ ಸಿಗಲಿಲ್ಲ. ನನ್ನ ಮೂಗು ಇನ್ನೂ ಹಸಿ. ಆದರೂ ಒಂದು ವೈನಿನಲ್ಲಿ ಲೈಬ್ರರಿ ಸಿಕ್ಕಿತಲ್ಲ, ಅದೇ ಖುಷಿ. ಭಾವ ತಮ್ಮ ಗ್ಲಾಸನ್ನು ಪೂರ್ತಿ ಮುಗಿಸಿದರು.

ಫೆಬ್ರವರಿ ೫

ನಕ್ಷೆಗಳ ವಾರ. ಜರ್ಮನಿಯ ಮೋಸೆಲ್ ನದಿಯ ದಂಡೆ ಕಡಿದಾದ ಗೋಡೆಯಂತೆ. ಅಲ್ಲಿ ಯಂತ್ರ ಹತ್ತುವುದಿಲ್ಲ, ಎಷ್ಟೋ ತೋಟಗಳಲ್ಲಿ ಮನುಷ್ಯನೇ ಹತ್ತಿ ಬಳ್ಳಿ ನೋಡಬೇಕು. ಹಗಲಲ್ಲಿ ಕರಿಗಲ್ಲು ಬಿಸಿಲು ಕುಡಿದಿಟ್ಟುಕೊಂಡು, ತಂಪಾದಾಗ ಬಳ್ಳಿಗೆ ಕೊಡುತ್ತದಂತೆ. ಪಠ್ಯಪುಸ್ತಕ ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ನಾನು ಹೋಗಲಿಲ್ಲ, ಸ್ವಲ್ಪ ಹೊತ್ತು ಅಲ್ಲೇ ಕೂತೆ.

ಓದಲು ಬಿಡುವುದಿಲ್ಲ ಭಾವ. ಬಾಟಲಿ ತೆಗೆದಾಗಲೆಲ್ಲ ಅತಿಥಿಗೆ ಸುರಿಯುವ ಮೊದಲು ಒಂದು ಗುಟುಕಿನಷ್ಟನ್ನು ನನ್ನ ಫೋನಿನ ಮೇಜಿಗೆ ತಂದಿಡುತ್ತಾರೆ. "ಅಭ್ಯಾಸ ಆಗತ್ತೆ, ಏನು ಹೇಳತ್ತೆ ನೋಡು" ಎನ್ನುತ್ತಾರೆ. ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಒಂದು ದಿನವೂ ಬಾಯಿ ಬಿಡುವುದಿಲ್ಲ. ಕೇಳಿಸಿಕೊಂಡು ಹೋಗಿ ಸುರಿಯುತ್ತಾರೆ. ಕಟ್ಟುನಿಟ್ಟಿನ ಗುರು. ಇವತ್ತು ಎರಡು ಬುಕಿಂಗ್ ತಪ್ಪಿ ಬರೆದೆ.

ಸಂಜೆ ಮನೆಯಲ್ಲಿ ಅಕ್ಕ ಒಲೆಯ ಮೇಲೆ ಹಾಲಿಟ್ಟು ಸ್ನಾನಕ್ಕೆ ಹೋಗಿದ್ದಳು. ಭಾವ ಅಡುಗೆಮನೆಯ ಸ್ಟೂಲಿನ ಮೇಲೆಯೇ ಪೇಪರ್ ಓದುತ್ತ ಕೂತಿದ್ದರು. ಹಾಲು ಸೀದು ಕರಕಲಾಗಿ ಮಹಡಿಗೆ ಘಾಟು ಬಂದ ಮೇಲೆ ನಾನು ಇಳಿದು ಬಂದು ಆರಿಸಿದೆ.

"ಪೇಪರಲ್ಲಿ ತಲೆ ಇಟ್ರೆ ಇವರಿಗೆ ಮನೆ ಹತ್ತಿ ಉರಿದ್ರೂ ಗೊತ್ತಾಗಲ್ಲ" ಎಂದು ಅಕ್ಕ ಪಾತ್ರೆ ಉಜ್ಜಿದಳು. ಭಾವ ನಕ್ಕು ಪುಟ ತಿರುಗಿಸಿದರು.

ಫೆಬ್ರವರಿ ೧೯

ಇವತ್ತು ಊಟಕ್ಕೂ ವೈನಿಗೂ ಹೊಂದಿಸುವ ಪಾಠ. ಸಿಹಿ ತಿನಿಸಿಗೆ ಅಷ್ಟೇ ಸಿಹಿಯ ವೈನ್ ಇರಬೇಕು, ಇಲ್ಲದಿದ್ದರೆ ವೈನ್ ಹುಳಿಹುಳಿ ಅನಿಸುತ್ತದೆ. ಉಪ್ಪು ವೈನಿನ ಒಗರನ್ನು ಮೆತ್ತಗೆ ಮಾಡುತ್ತದೆ. ಆಲ್ಕೋಹಾಲ್ ಹೆಚ್ಚಿದ್ದರೆ ಖಾರ ಇನ್ನೂ ಉರಿಯುತ್ತದೆ. ಅಕ್ಕನ ಅಡುಗೆಮನೆಯಲ್ಲಿ ನಿಂತು ಒಂದೊಂದನ್ನೂ ಪರೀಕ್ಷೆ ಮಾಡಿದೆ. ಆಡಿನ ಹಾಲಿನ ಚೀಸಿಗೆ ಫ್ರಾನ್ಸಿನ ಲ್ವಾರ್ ಕಣಿವೆಯ ಬಿಳಿ ವೈನ್ ಸೇರಿದಾಗ ಎರಡೂ ಬೇರೆಯೇ ಆದವು. ನನ್ನ ಮುಖ ನೋಡಿ ಅಕ್ಕನಿಗೆ ನಗು.

"ನಿನಗೊಂದು ಜೋಡಿ ಹುಡುಕೋಕೆ ಅಪ್ಪನ ಕೈಲಿ ಆಗ್ಲಿಲ್ಲ. ನೀನೀಗ ಮೀನಿಗೂ ಚೀಸಿಗೂ ವೈನಿನ ಸಂಬಂಧ ಕುದುರಿಸ್ತಿದ್ದೀಯ."

"ಮೀನು ನಖರಾ ಮಾಡಲ್ಲ ಅಕ್ಕ."

ಅಷ್ಟರಲ್ಲಿ ಭಾವ ಬಂದರು. ಅಕ್ಕ ಅಣಬೆ ಸೂಪನ್ನು ಸೌಟಿನಲ್ಲಿ ಹಿಡಿದಳು. ಇದು ಅವರ ಮದುವೆಯಷ್ಟೇ ಹಳೆಯ ಪದ್ಧತಿ. ಅವಳ ಯಾವ ಅಡುಗೆಯೂ ಭಾವನ ಬಾಯಿ ದಾಟದೆ ಹೊರಗೆ ಹೋಗುವುದಿಲ್ಲ. ಭಾವ ಕುಡಿದರು, ಅಕ್ಕ ಅವರ ಹುಬ್ಬನ್ನೇ ನೋಡಿದಳು.

"ಉಪ್ಪು ಒಂದು ಚಿಟಿಕೆ. ಉಳಿದಿದ್ದು ಚೆನ್ನಾಗಿದೆ."

"ಹೊಸ ಸೊಪ್ಪು ಹಾಕಿದ್ದೆ, ಗೊತ್ತಾಯ್ತಾ?"

"ಗೊತ್ತಾಗದೆ ಏನು! ಚೆನ್ನಾಗಿದೆ ಅಂದ್ನಲ್ಲ."

ಅಕ್ಕ ಹೂವಿನಂತಾದಳು.

ಮಾರ್ಚ್ ೩

ಶೆರಿ, ಪೋರ್ಟ್, ಮದೇರಾ, ಬ್ರಾಂದಿ ಬೆರೆಸಿ ಗಟ್ಟಿ ಮಾಡಿದ ವೈನುಗಳ ಪಾಠ. ತಲೆ ಗಿರ್ರೆನ್ನುತ್ತಿದೆ, ಕುಡಿದಲ್ಲ, ಓದಿ.

ಮಾರ್ಚ್ ೧೮, ಸೋಮವಾರ

ಇವತ್ತು ಮಾದರಿ ಪರೀಕ್ಷೆ. ಎರಡು ಗ್ಲಾಸು, ಹೆಸರಿಲ್ಲ. ಮೊದಲನೆಯದು ಸರಿಯಾಯಿತು. ಎರಡನೆಯದನ್ನು ಮೂಗಿನ ಹತ್ತಿರ ತಂದ ತಕ್ಷಣ ಲೈಬ್ರರಿಯ ನೆಲಮಾಳಿಗೆ. ಎದೆ ಹಗುರವಾಯಿತು. "ಬರ್ಗಂಡಿ, ಪಿನೋ ನ್ವಾರ್, ಪಕ್ವವಾಗಿದೆ, ಗುಣಮಟ್ಟ ಅತ್ಯುತ್ತಮ" ಎಂದು ಬರೆದು ಎಲ್ಲರಿಗಿಂತ ಮೊದಲು ಪೆನ್ನು ಕೆಳಗಿಟ್ಟೆ.

ಟೀಚರು ಪ್ರತಿ ತಂಡಕ್ಕೂ ಬೇಕೆಂದೇ ಒಂದು ಕೆಟ್ಟ ಬಾಟಲಿ ಇಡುತ್ತಾರಂತೆ. ಬೆಂಡಿಗೆ ಬೂಷ್ಟಿನಿಂದ ಅಂಟುವ ಒಂದು ದೋಷ ವೈನಿಗೆ ಇಳಿದಿರುತ್ತದೆ. ಆಗ ಅದು ಒದ್ದೆ ರಟ್ಟಿನಂತೆ ನಾರುತ್ತದೆ, ಹಣ್ಣಿನ ಪರಿಮಳ ಸತ್ತುಹೋಗುತ್ತದೆ. ಕುಡಿದರೆ ಅಪಾಯವಿಲ್ಲ, ಆದರೆ ಅತಿಥಿಗೆ ಅದನ್ನು ಸುರಿದ ಮನೆಗೆ ಮರ್ಯಾದೆ ಉಳಿಯುವುದಿಲ್ಲ. ಅದು ಬರ್ಗಂಡಿಯೂ ಅಲ್ಲ, ಸ್ಪೇನಿನ ರಿಯೋಹಾದ ಎಳೆಯ ವೈನು. ತರಗತಿಯಲ್ಲಿ ಉಳಿದ ಎಲ್ಲರೂ "ದೋಷವಿದೆ" ಎಂದು ಬರೆದಿದ್ದರು. ನನ್ನೊಬ್ಬಳಿಗೆ ಅದು ಅತ್ಯುತ್ತಮ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಮೇಡಂ, ನಿಮಗೆ ವಾಸನೆ ಸರಿಯಾಗೇ ಬಂದಿದೆ. ಅದು ಬರ್ಗಂಡಿದು ಅಂತ ಹೇಳಿಕೊಟ್ಟಿದ್ಯಾರು?"

"ಎಲ್ಲೋ ಓದಿದ್ದೆ" ಎಂದೆ.

"ನಿಜವಾದ ಪರೀಕ್ಷೇಲಿ ಹೀಗೆ ಬರೆದ್ರೆ ಪಾಸಾಗೋ ಮಾತೇ ಇಲ್ಲ."

ಮಾರ್ಚ್ ೧೯

ಒಳ್ಳೆಯ ಗುರುವೂ ಅವಸರದಲ್ಲಿ ತಪ್ಪು ಹೇಳಿಕೊಡಬಹುದು. ಆದರೆ ಭಾವ ಅವಸರ ಮಾಡಿರಲಿಲ್ಲ. ಆ ಗ್ಲಾಸನ್ನು ಮೂಸಿದರು, ಕುಡಿದರು, ಮುಗಿಸಿದರು.

ಲೇಬಲ್ ಓದದೆ ಅವರು ಒಂದು ವಾಸನೆಯನ್ನೂ ಹೆಸರಿಸಿದ್ದು ನನಗೆ ನೆನಪಾಗುತ್ತಿಲ್ಲ.

ಮಾರ್ಚ್ ೨೪, ಭಾನುವಾರ

ಟೀಚರನ್ನು ಕೇಳಿ ಆ ಕೆಟ್ಟ ವೈನಿನ ಉಳಿಕೆಯನ್ನೂ ಅದೇ ವೈನಿನ ಚೆನ್ನಾಗಿರುವ ಇನ್ನೊಂದು ಬಾಟಲಿಯನ್ನೂ ತಂದಿದ್ದೆ. ಅಕ್ಕ ಮಾರುಕಟ್ಟೆಗೆ ಹೋದಾಗ ಮೂಲೆಯ ಮೇಜಿನ ಮೇಲೆ ಎರಡು ಗ್ಲಾಸು ಇಟ್ಟು ಭಾವನನ್ನು ಕರೆದೆ.

"ಏನಿದು, ಬಾಟಲಿ ಎಲ್ಲಿ?"

"ಪರೀಕ್ಷೇಲಿ ಬಾಟಲಿ ತೋರಿಸಲ್ಲ ಭಾವ."

ಅವರು ಎರಡನ್ನೂ ಬಾಯಿಗೆ ಹಾಕಿ ಹೊರಳಿಸಿದರು. ನಾಲಿಗೆ ಇನ್ನೂ ಗಡಿಯಾರದಷ್ಟು ಕರಾರುವಾಕ್ಕು. "ಹುಳಿ ಎರಡರಲ್ಲೂ ಒಂದೇ. ಒಗರು ಮಧ್ಯಮ. ಆಲ್ಕೋಹಾಲ್ ಒಂದು ಕೈ ಜಾಸ್ತಿ. ಎರಡೂ ಒಂದೇ ವೈನು ಕಣಮ್ಮ."

"ಒಂದೇ ವೈನು, ಎರಡು ಬಾಟಲಿ. ವಾಸನೆ ನೋಡಿ."

ಮೊದಲ ಗ್ಲಾಸನ್ನು ಮೂಗಿಗೆ ಹಿಡಿದರು. ಆಮೇಲೆ ಎರಡನೆಯದು. ಮತ್ತೆ ಮೊದಲನೆಯದು. ಆಮೇಲೆ ಎರಡನ್ನೂ ಮೇಜಿನ ಮೇಲಿಟ್ಟು, ಗ್ಲಾಸಿನ ಕಾಲು ಹಿಡಿದು ಸುಮ್ಮನೆ ತಿರುಗಿಸಿದರು.

"ಯಾವುದು ಕೆಟ್ಟಿರೋದು?" ಎಂದರು.

"ಎಡಗಡೇದು."

"ಯಾವಾಗ ಗೊತ್ತಾಯ್ತು ನಿಂಗೆ?"

"ಸೋಮವಾರ. ನಿಮಗೆ?"

"ಹೋದ ವರ್ಷ ಆ ದರಿದ್ರ ನೆಗಡಿ ಬಂದಿತ್ತಲ್ಲ. ನೆಗಡಿ ಹೋಯ್ತು, ಹೋಗೋವಾಗ ಮೂಗನ್ನೂ ಕಟ್ಕೊಂಡು ಹೋಯ್ತು. ಡಾಕ್ಟರು ಕಾಯಿರಿ ಅಂದ್ರು. ಈಗೀಗ ಅವರೂ ಕಾಯಿರಿ ಅನ್ನಲ್ಲ."

"ನಾನು ಪರೀಕ್ಷೇಲಿ ಫೇಲಾಗ್ತಿದ್ದೆ ಭಾವ! ಎಲ್ಲರೆದುರು ನಗೆಪಾಟಲಾದೆ."

"ಗೊತ್ತು. ನೀನು ಫೇಲಾದ್ರೆ ನಾನೂ ಫೇಲೇ ಅಲ್ವಾ. ನಿನ್ನ ಮೂಗನ್ನ ಬಿಟ್ರೆ ನಂಗೆ ಬೇರೆ ಯಾವುದಿತ್ತು?"

ಆಗ ಅರ್ಥವಾಯಿತು. ನನ್ನ ಮೇಜಿಗೆ ಬರುತ್ತಿದ್ದ ಗುಟುಕುಗಳಲ್ಲಿ ಒಂದೂ ಪಾಠವಾಗಿರಲಿಲ್ಲ.

"ಅಕ್ಕನಿಗೆ ಹೇಳ್ಬೇಡ" ಎಂದರು.

"ಯಾಕೆ? ಬೈತಾಳಾ?"

"ಬೈದ್ರೆ ಬೈಲಿ. ಸೌಟು ಹಿಡ್ಕೊಂಡು ನನ್ನ ಮುಖ ನೋಡ್ತಾಳಲ್ಲ, ಆಗ ನಾನೇನು ಮಾಡ್ಲಿ ಹೇಳು."

ಎರಡೂ ಗ್ಲಾಸನ್ನು ಸಿಂಕಿಗೆ ಸುರಿದೆ.

ಏಪ್ರಿಲ್ ೬

ಎಲ್ಲವನ್ನೂ ಮೊದಲಿಂದ. ಭಾವನ ಬಾಯಿಂದ ಕಲಿತ ಒಂದೊಂದು ಪದವನ್ನೂ ಹೊರಗೆಸೆದು, ಮೂಗಿನಿಂದ ಮತ್ತೆ ಒಳಗೆ ತರಬೇಕು. ಕಾಳುಮೆಣಸು, ಲವಂಗ, ಚರ್ಮದ ಬೆಲ್ಟು, ಒದ್ದೆ ಕಲ್ಲು, ಹೊಸ ಚಪ್ಪಲಿಯ ರಬ್ಬರು. ಬಸ್ಸಿನಲ್ಲಿ ಪಕ್ಕದವರ ಚೀಲದಲ್ಲಿ ಪೀಚ್ ಹಣ್ಣಿದೆ ಎಂದು ನೋಡದೆ ಹೇಳಬಲ್ಲೆ.

"ಏನೇ ಅದು, ಬೇಟೆ ನಾಯಿ ಥರ ಎಲ್ಲಾ ಕಡೆ ಮೂಸ್ಕೊಂಡು ತಿರುಗ್ತೀಯ" ಎಂದಳು ಅಕ್ಕ.

ಭಾವ ರಚನೆ ಕಲಿಸುತ್ತಾರೆ: ಹುಳಿ ಎಷ್ಟು, ಒಗರು ಎಷ್ಟು, ಮೈ, ಅಂದರೆ ಬಾಯಲ್ಲಿ ತೂಕ, ಎಷ್ಟು. ಅದರಲ್ಲಿ ಟೀಚರೂ ಅವರ ಹತ್ತಿರ ಸುಳಿಯಲಾರರು. ವಾಸನೆ ನನ್ನ ಇಲಾಖೆ. ರೆಸ್ಟೋರೆಂಟಿನಲ್ಲಿ ಒಂದು ಗುಟ್ಟಿನ ಏರ್ಪಾಡು ಮಾಡಿಕೊಂಡಿದ್ದೇವೆ. ಭಾವ ಬಾಟಲಿ ತೆಗೆದು ಪಕ್ಕದ ಮೇಜಿನ ಮೇಲೆ ಗ್ಲಾಸಿಗೆ ಸ್ವಲ್ಪ ಸುರಿದಿಡುತ್ತಾರೆ, ನಾನು ಏನೋ ಕೆಲಸವಿರುವಂತೆ ಅಲ್ಲಿ ಸುಳಿಯುತ್ತೇನೆ. ಚೆನ್ನಾಗಿದ್ದರೆ ಸುಮ್ಮನೆ ಹೋಗುತ್ತೇನೆ. ಕೆಟ್ಟಿದ್ದರೆ "ಭಾವ, ನಿಮಗೆ ಫೋನ್ ಬಂದಿದೆ" ಎನ್ನುತ್ತೇನೆ. ಅವರು ಬಾಟಲಿ ಸಮೇತ ಒಳಗೆ ಹೋಗಿ ಬೇರೆಯದನ್ನು ತರುತ್ತಾರೆ. ಈ ವಾರ ಒಂದೇ ಫೋನು.

ನಾನು ಅರ್ಜಿ ಹಾಕಿದ್ದ ಕಾಲೇಜಿನಿಂದ ನಿಜವಾದ ಫೋನೂ ಬಂದಿತ್ತು. ಕೈಯಲ್ಲಿ ಟ್ರೇ ಇತ್ತು. ತಿರುಗಿ ಮಾಡಬೇಕು.

ಏಪ್ರಿಲ್ ೨೭, ಶನಿವಾರ

ಪರೀಕ್ಷೆ ಮುಗಿಯಿತು. ಕೆಂಪು ವೈನಿನ ಬಣ್ಣ ತೆಳು. ಭಾವನ ಪಾಠದ ಪ್ರಕಾರ ಬಣ್ಣ ನಂಬದೆ ಬಾಯಿಗೆ ಹಾಕಿಕೊಂಡೆ. ಒಗರು ಒಸಡನ್ನು ಹಿಡಿದೆಳೆಯಿತು. ಮೂಗಿಗೆ ಆಗಷ್ಟೇ ಡಾಂಬರು ಹಾಕಿದ ರಸ್ತೆ, ಅದರ ಮೇಲೆ ಯಾರದೋ ಕೈಯಿಂದ ಬಿದ್ದ ಗುಲಾಬಿ. ಅಯ್ಯೋ, ಮತ್ತೆ ಕವಿತೆ ಎಂದುಕೊಂಡು ಪಟ್ಟಿಯನ್ನು ನೆನಪಿಸಿಕೊಂಡರೆ, ಅಲ್ಲಿ ಎರಡೂ ಇವೆ: ಗುಲಾಬಿ, ಡಾಂಬರು. ಇಟಲಿಯ ಬರೋಲೋ. ನನಗಿಂತ ಮೊದಲು ಯಾರೋ ಇದನ್ನು ಮೂಸಿ, ಕಂಡದ್ದನ್ನೇ ಬರೆದಿಟ್ಟಿದ್ದಾರೆ. ಪಟ್ಟಿಯ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತು.

ಊಟದ ಪ್ರಶ್ನೆ ಸುಲಭ. ಅಕ್ಕನ ಅಡುಗೆಮನೆಯಲ್ಲಿ ನಿಂತು ಉತ್ತರಿಸಿದ ಹಾಗಾಯಿತು. ಫಲಿತಾಂಶ ಜೂನ್ ಮೊದಲ ವಾರ.

ಮೇ ೧೨, ಭಾನುವಾರ

ನಿನ್ನೆಯದನ್ನು ಇವತ್ತು ಬೆಳಗ್ಗೆ ಬರೆಯುತ್ತಿದ್ದೇನೆ.

ಹೋಟೆಲಿನ ಮಾಲೀಕರು ಊಟಕ್ಕೆ ಬರುತ್ತಾರೆಂದು ಮ್ಯಾನೇಜರ್ ಹೇಳಿದ್ದ. ಗುತ್ತಿಗೆಗೆ ಮುಂಚೆ ನಮ್ಮ ರೆಸ್ಟೋರೆಂಟನ್ನು ಒಮ್ಮೆ ಕಣ್ಣಾರೆ ನೋಡಬೇಕಂತೆ. ಮಾಲೀಕರೆಂದರೆ ಒಬ್ಬ ವಯಸ್ಸಾದ ಹೆಂಗಸು, ಜೊತೆಗೆ ಇಬ್ಬರು ಮಕ್ಕಳು. ಅಕ್ಕ ನಾಲ್ಕು ಬಗೆ ಮಾಡಿದ್ದಳು, ಪ್ರತಿಯೊಂದಕ್ಕೂ ನಾನು ವೈನ್ ಹೊಂದಿಸಿದ್ದೆ. ಮೀನಿನವರೆಗೆ ಎಲ್ಲ ಹೂವೆತ್ತಿದಂತೆ ನಡೆಯಿತು.

ಕುರಿಮರಿ ಮಾಂಸಕ್ಕೆ ಫ್ರಾನ್ಸಿನ ಉತ್ತರ ರೋನ್ ಕಣಿವೆಯ ಸಿರಾ. ಕಾಳುಮೆಣಸು ಹೊಡೆಯಬೇಕಾದ ವೈನು. ಪಕ್ಕದ ಮೇಜಿನ ಬಳಿ ಸುಳಿದೆ. ಮೆಣಸಿಲ್ಲ, ಹಣ್ಣಿಲ್ಲ. ಒದ್ದೆ ರಟ್ಟು.

"ಭಾವ, ನಿಮಗೆ ಫೋನ್ ಬಂದಿದೆ."

ಅವರು ಬಾಟಲಿ ಹಿಡಿದು ಒಳಗೆ ತಿರುಗಿದರು. ಮ್ಯಾನೇಜರ್ ತಡೆದ. "ಆಮೇಲೆ ಮಾತಾಡಿದ್ರಾಯ್ತು ಬಿಡಿ, ಮೇಡಂ ಗ್ಲಾಸ್ ಖಾಲಿ ಇದೆ."

ಭಾವ ನನ್ನನ್ನು ನೋಡಿದರು. ನಾನು "ಅರ್ಜೆಂಟಂತೆ" ಎಂದೆ.

"ಯಾರ್ರೀ ಅದು ಊಟದ ಹೊತ್ತಲ್ಲಿ ಅಷ್ಟು ಅರ್ಜೆಂಟು?" ಎಂದ ಮ್ಯಾನೇಜರ್.

ಅಕ್ಕ ಮಾಂಸದ ದೊಡ್ಡ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಯಾರು? ಯಾರಿಗೇನಾಯ್ತು?" ಎಂದು ಗಾಬರಿಯಾದಳು.

ಮಾಲೀಕರು ಗ್ಲಾಸನ್ನು ಮುಂದೆ ಹಿಡಿದೇ ಇದ್ದರು. ಸುರಿದುಬಿಟ್ಟಿದ್ದರೆ ಅವರಿಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಭಾವನ ಕೈ ಒಂದು ಸಲ ಆ ಕಡೆ ವಾಲಿತು, ನಾನು ನೋಡಿದೆ. ಆಮೇಲೆ ಬಾಟಲಿಯನ್ನು ಮೇಜಿನ ಮೇಲಿಟ್ಟು, ಅದರ ಕತ್ತಿನ ಹನಿಯನ್ನು ಬಟ್ಟೆಯಿಂದ ಒರೆಸಿದರು.

"ಫೋನು ಗೀನು ಏನೂ ಇಲ್ಲ. ಈ ಬಾಟಲಿ ಕೆಟ್ಟಿದೆ ಮೇಡಂ. ನಂಗೆ ಗೊತ್ತಾಗ್ಲಿಲ್ಲ, ಇವಳಿಗೆ ಗೊತ್ತಾಯ್ತು. ನಂಗೆ ವಾಸನೆ ಬರಲ್ಲ. ವರ್ಷದ ಮೇಲಾಯ್ತು."

ಮಾಲೀಕರು ಗ್ಲಾಸು ಕೆಳಗಿಟ್ಟು, ಬಾಟಲಿಯ ಬಾಯನ್ನೇ ಮೂಸಿ, "ನಂಗೂ ಏನೂ ಗೊತ್ತಾಗ್ತಿಲ್ಲಪ್ಪ" ಎಂದರು. ಆಮೇಲೆ ನನ್ನ ಕಡೆ ತಿರುಗಿ "ಇನ್ನೊಂದು ನೀನೇ ತಗೊಂಡು ಬಾ" ಎಂದರು. ತಂದೆ. ಮೆಣಸು ಕೋಣೆಯ ತುಂಬ ಬಂತು.

ಮ್ಯಾನೇಜರ್ ಹೋಗುವಾಗ ನನಗೆ ಮಾತ್ರ ಕೇಳುವಂತೆ ಹೇಳಿದ: "ನಿಮ್ಮ ರಿಸಲ್ಟ್ ಬರಲಿ, ನೋಡೋಣ. ಪಾಸಾಗದೇ ಇದ್ರೆ ನನ್ನ ಕೈಲಿ ಏನೂ ಇಲ್ಲ."

ಅಕ್ಕ ತಟ್ಟೆ ಇಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಮೇ ೧೪

ಅಕ್ಕ ಮಾತು ಬಿಟ್ಟಿದ್ದಾಳೆ, ಇಬ್ಬರ ಜೊತೆಗೂ. ಏನಾದರೂ ಹೇಳುವುದಿದ್ದರೆ ಫ್ರಿಜ್ಜಿಗೆ ಹೇಳುತ್ತಾಳೆ. "ಇಷ್ಟು ದಿನ ಕಲ್ಲಿಗೆ ಬಡಿಸ್ತಿದ್ನಂತೆ ನಾನು. ಕಲ್ಲು ಚೆನ್ನಾಗಿದೆ ಅಂತಿತ್ತಂತೆ. ತಂಗಿ ಅನ್ನಿಸಿಕೊಂಡೋಳೂ ಸೇರ್ಕೊಂಡಿದ್ಲಂತೆ."

ಭಾವ ಅಡುಗೆಮನೆಯ ಬಾಗಿಲವರೆಗೆ ಹೋಗಿ ವಾಪಸು ಬಂದರು. ಸೌಟು ಅವರ ಕಡೆ ಬರಲಿಲ್ಲ.

ಮೇ ೨೫

ಒಂದು ತೊಂದರೆ. ನಮ್ಮ ಅಡುಗೆ ಕೆಡುತ್ತಿದೆ. ಸೂಪಿನಲ್ಲಿ ಖಾರ, ಮೀನಿಗೆ ಹುಳಿ ಜಾಸ್ತಿ, ಮೆತ್ತಗಿರಬೇಕಾದ ತರಕಾರಿ ಕಟುಂ ಕಟುಂ. ಕಿಟಕಿ ಪಕ್ಕದವರು ತಟ್ಟೆ ಅರ್ಧಕ್ಕೆ ವಾಪಸು ಕಳಿಸಿದರು. ಆ ಖಾರಕ್ಕೆ ನಾನು ಆರಿಸಿದ ಕೆಂಪು ವೈನ್ ಬೆಂಕಿಗೆ ಎಣ್ಣೆ ಸುರಿದ ಹಾಗಾಯಿತು. ಅಡುಗೆಮನೆಗೆ ಹೋದೆ.

"ಅಕ್ಕ, ಖಾರ ಕಡಿಮೆ ಮಾಡು. ಇದರ ಮುಂದೆ ಯಾವ ವೈನೂ ನಿಲ್ಲಲ್ಲ."

"ನಿನ್ನ ವೈನಿಗೋಸ್ಕರ ಅಡುಗೆ ಮಾಡ್ಬೇಕಾ ನಾನು?" ಇಷ್ಟು ದಿನದ ಮೇಲೆ ಫ್ರಿಜ್ಜಿಗಲ್ಲ, ನನಗೇ ಹೇಳಿದಳು.

"ಮತ್ಯಾರಿಗೋಸ್ಕರ ಮಾಡ್ತಿದ್ದೀಯ?"

ಅಕ್ಕ ಒಲೆ ಸಣ್ಣ ಮಾಡಿದಳು. "ಖಾರ ಆದ್ರೆ ಅವರಿಗೆ ಗೊತ್ತಾಗತ್ತೆ ಕಣೇ. ಹುಳಿನೂ ಗೊತ್ತಾಗತ್ತೆ. ಹಲ್ಲಿಗೆ ಗಟ್ಟಿ ಸಿಕ್ಕಿದ್ರೂ ಗೊತ್ತಾಗತ್ತೆ. ನಿನ್ನೆ ತಿನ್ನೋವಾಗ ಕಣ್ಣಲ್ಲಿ ನೀರು ಬಂತು ನೋಡು. ಅಷ್ಟಾದ್ರೂ ಬಂತಲ್ಲ."

ನಾನು ಅಲ್ಲೇ ನಿಂತು ಬಟಾಣಿ ಸುಲಿದೆ. ಕಾಲೇಜಿಗೆ ಫೋನ್ ಮಾಡುವುದು ಇವತ್ತೂ ಮರೆತುಹೋಯಿತು.

ಜೂನ್ ೬, ಗುರುವಾರ

ನಿನ್ನೆ ಫಲಿತಾಂಶ ಬಂತು, ಪಾಸು. ಮ್ಯಾನೇಜರ್ ಬೆಳಗ್ಗೆಯೇ ಗುತ್ತಿಗೆಯ ಕಾಗದ ತಂದ. ಅಕ್ಕ, ಭಾವ, ನಾನು, ಮೂವರೂ ಸಹಿ ಹಾಕಿದೆವು. ಟೀಚರು ಫೋನ್ ಮಾಡಿ "ಕವಿತೆ ಬಿಟ್ರಿ ನೋಡಿ, ಪಾಸಾದ್ರಿ" ಎಂದರು. ನಗುತ್ತ ಹೌದೆಂದೆ.

ಮಧ್ಯಾಹ್ನ ಅತಿಥಿಗಳೆಲ್ಲ ಎದ್ದ ಮೇಲೆ ನಾವು ಮೂವರು ಊಟಕ್ಕೆ ಕೂತೆವು. ಅಕ್ಕ ಅಣಬೆಯನ್ನು ಬೆಣ್ಣೆಯಲ್ಲಿ ಬಾಡಿಸಿ ತಂದಿದ್ದಳು, ಖಾರವಿಲ್ಲದೆ, ತನ್ನ ಹಳೆಯ ರೀತಿಯಲ್ಲಿ. ಭಾವನ ತಟ್ಟೆಗೆ ಬಡಿಸಿ ಪಕ್ಕದಲ್ಲೇ ನಿಂತಳು. ಭಾವ ಒಂದು ತುತ್ತು ಬಾಯಿಗಿಟ್ಟರು. ಇನ್ನು ಮುಂದೆ ಚೆನ್ನಾಗಿದೆ ಎನ್ನುವ ಹಾಗಿಲ್ಲ.

"ಉಪ್ಪು ಸರಿ ಇದೆ" ಎಂದರು.

"ಉಪ್ಪು ನಂಗೊತ್ತು" ಎಂದಳು ಅಕ್ಕ. ಆಮೇಲೆ ನನ್ನ ಭುಜಕ್ಕೆ ತಿವಿದಳು. "ಏ, ಪಾಸಾದೋಳೇ, ಸುಮ್ನೆ ತಿನ್ನಬೇಡ. ಇದು ಹೇಗೆ ವಾಸನೆ ಬರ್ತಿದೆ ಅಂತ ಇವರಿಗೆ ಹೇಳು."

ತಟ್ಟೆಯನ್ನು ಹತ್ತಿರ ಎಳೆದುಕೊಂಡೆ. ಮೊದಲು ಬೆಣ್ಣೆ, ಕಂದಾಗಿ, ಇನ್ನೇನು ಸೀಯಬೇಕು ಅನ್ನುವಷ್ಟರಲ್ಲಿ ನಿಂತಿದೆ ಎಂದೆ. ಅದರ ಕೆಳಗೆ ಅಣಬೆ, ಬಹಳ ದಿನ ಮುಚ್ಚಿದ್ದ ಮರದ ಬೀರು ತೆಗೆದಾಗ ಒಳಗಿನ ಉಣ್ಣೆಯ ಶಾಲು ಉಸಿರು ಬಿಟ್ಟ ಹಾಗೆ. ಬೆಳ್ಳುಳ್ಳಿ ಇದೆ, ಆದರೆ ಸಿಟ್ಟು ಇಳಿದ ಮೇಲಿನ ಬೆಳ್ಳುಳ್ಳಿ. ಜಗಳ ಆಡಿದವರು ರಾಜಿಯಾಗಿ ಒಂದೇ ಬೆಂಚಿನ ಮೇಲೆ ಕೂತಿದ್ದಾರೆ. ಕೊನೆಗೆ ಆ ಸಣ್ಣ ಸೊಪ್ಪು, ಒಗೆದ ಬಟ್ಟೆಯನ್ನು ಗಾಳಿಗೆ ಕೊಡವಿದಾಗ ಮುಖಕ್ಕೆ ಸಿಡಿಯುವ ತಂಪು, ಅಷ್ಟೇ, ಮುಟ್ಟುವಷ್ಟರಲ್ಲಿ ಹೋಯಿತು.

ಭಾವ ಕಣ್ಣು ಮುಚ್ಚಿದ್ದರು. ಅಕ್ಕ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು, ಇಷ್ಟು ವರ್ಷ ತಾನೇ ಮಾಡುತ್ತ ಬಂದದ್ದನ್ನು ಯಾರೋ ಅವಳಿಗೆ ಪರಿಚಯ ಮಾಡಿಸಿದ ಹಾಗೆ. ನನಗೆ ಇನ್ನೊಂದೇನೋ ಹೊಳೆಯಿತು. ಹೇಳಲು ಹೊರಟೆ.

ಅಕ್ಕ ನನ್ನ ಕೈ ಹಿಡಿದು ತಡೆದಳು.

"ನಿಧಾನ ಹೇಳೇ," ಎಂದಳು, "ಇನ್ನೂ ಅಗೀತಿದ್ದಾರೆ."